ಕಡೇ ಓಣಿಗೊಂದು ಚಾನೆಲ್

ಮೊನ್ನೆ ಕೊರ್ತಾಲಿಮ್‌ನಲ್ಲಿ ಬಸ್ಸು ಬದಲಿಸಲು ಇಳಿದಾಗ ಅಂಗಡಿಯವನೊಬ್ಬ ಹೊಸ ತಾಡಪತ್ರಿಯ ಸುರುಳಿ ಬಿಚ್ಚಿ ರಸ್ತೆಯ ಮೇಲೇ ಹಾಸುತ್ತಿದ್ದ. ಮೇ ತಿಂಗಳ ಕಡೇ ವಾರ, ಗೋವಾದಲ್ಲಿ ಎಲ್ಲರಿಗೂ ತಾಡಪತ್ರಿ ಬೇಕಾಗುವ ಹೊತ್ತು. ಬಿಸಿಲಿಗೆ ಕಾದ ಆ ನೀಲಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ ಕೊಂಕಣಿಯಲ್ಲಿ ಬೈದರು, ದಾರಿ ಬಿಡು ಅಂತ. ಬೈಯಲಿ. ಮನೆಮನೆಯ ತಗಡಿನ ಮೇಲೂ ಇದೇ ನೀಲಿ ತಾಡಪತ್ರಿ ಹೊದಿಸಿದ್ದ ಝುವಾರಿನಗರದ ಆ ಮಳೆಗಾಲ ನನಗೆ ಆಗಲೇ ನೆನಪಾಗಿತ್ತು.

ನಾನು ಧಾರವಾಡದವಳು. ಗೋವಾಕ್ಕೆ ಬಂದು ಎಷ್ಟೋ ವರ್ಷ ಆಯಿತು. ಫೋಂಡಾ ಹತ್ತಿರದ ಒಂದು ಕಾಲೇಜಿನಲ್ಲಿ ಹುಡುಗರಿಗೆ ವೈರ್‌ಲೆಸ್ ನೆಟ್‌ವರ್ಕ್ ಪಾಠ ಹೇಳುತ್ತೇನೆ. ಈ ಮ್ಯಾಡಮ್‌ಗೆ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತದೆ ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ, ಸುಳ್ಳೇನಲ್ಲ. ಆ ವರ್ಷ ಕಾಲೇಜು ಒಂದು ಕೆಲಸ ಒಪ್ಪಿಕೊಂಡಿತ್ತು. ಝುವಾರಿನಗರದಲ್ಲಿ ನಮ್ಮ ಕಡೆಯ ಮಂದಿಯೇ ತುಂಬಿಕೊಂಡಿರುವ ಕೆಲವು ಓಣಿಗಳಿಗೆ ಪುಕ್ಕಟೆ ಇಂಟರ್ನೆಟ್ ಮುಟ್ಟಿಸುವುದು. ಕನ್ನಡ ಬಲ್ಲವರು ಬೇಕು ಅಂತ ನನ್ನ ಕೊರಳಿಗೆ ಕಟ್ಟಿದರು. ಜೊತೆಗೆ ಟೆಕ್ನಿಷಿಯನ್ ಸಾವಿಯೋ. ಮಡಗಾಂವ ಕಡೆಯವನು, ಏಣಿ ಹತ್ತುವುದರಲ್ಲಿ ಗಟ್ಟಿ, ಇನ್ನೊಬ್ಬರಿಗೆ ಇಲ್ಲ ಎನ್ನುವುದರಲ್ಲಿ ಭಾಳ ಮೆತ್ತಗೆ.

ಕೇಬಲ್ ಎಳೆಯಲು ಅಲ್ಲಿ ಜಾಗವೇ ಇಲ್ಲ. ಎರಡು ಮನೆಗಳ ನಡುವೆ ಒಬ್ಬರು ಹಾದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ದಿನ್ನೆಯ ಮೇಲೆ ಓಣಿಯವರ ಸಂಘದ ಹಾಲ್ ಇತ್ತು, ಅಲ್ಲಿಯವರೆಗೆ ಮಾತ್ರ ಕೇಬಲ್ ಬಂದಿತ್ತು. ಅಲ್ಲಿಂದ ಕೆಳಗೆ ಓಣಿಗೊಂದರಂತೆ, ಯಾರದಾದರೂ ಮನೆಯ ತಗಡಿನ ಚಾವಣಿಯ ಮೇಲೆ ಒಂದು ಬಿಳಿ ಡಬ್ಬಿ. ಮೇಲಿನ ಓಣಿಯ ಡಬ್ಬಿ ಹೇಳಿದ್ದನ್ನು ಕೇಳಿ ಕೆಳಗಿನ ಓಣಿಯ ಡಬ್ಬಿಗೆ ಹೇಳುವುದು, ಅದರ ಕೆಲಸ ಅಷ್ಟೇ. ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ.

ಆದರೆ ಇಲ್ಲೊಂದು ತೊಡಕಿದೆ. ಎಲ್ಲ ಡಬ್ಬಿಗಳೂ ಒಂದೇ ಚಾನೆಲ್‌ನಲ್ಲಿದ್ದರೆ, ಅಂದರೆ ಗಾಳಿಯಲ್ಲಿ ಒಂದೇ ದಾರಿ ಹಿಡಿದರೆ, ಒಂದು ಮಾತಾಡುವಾಗ ಅಕ್ಕಪಕ್ಕದವು ಬಾಯಿ ಮುಚ್ಚಿಕೊಂಡಿರಬೇಕು. ಮೀರಿ ಎರಡೂ ಒಟ್ಟಿಗೆ ಮಾತಾಡಿದವೋ, ಎರಡರದೂ ಕೆಟ್ಟಿತು, ಮತ್ತೆ ಮೊದಲಿನಿಂದ ಹೇಳಬೇಕು. ಹೀಗೆ ಒಂದೊಂದು ಓಣಿ ಇಳಿದ ಹಾಗೆಲ್ಲ ವೇಗ ಕುಂದುತ್ತ ಹೋಗುತ್ತದೆ. ಅದಕ್ಕೇ ನೆರೆಹೊರೆಯ ಡಬ್ಬಿಗಳಿಗೆ ಬೇರೆ ಬೇರೆ ಚಾನೆಲ್ ಕೊಡುತ್ತೇವೆ. ಒಂದರ ದನಿ ಇನ್ನೊಂದಕ್ಕೆ ಕೇಳದಷ್ಟು ದೂರ ಇದ್ದರೆ ಮಾತ್ರ ಅದೇ ಚಾನೆಲ್ಲನ್ನು ಮತ್ತೆ ಬಳಸಬಹುದು. ಕ್ಲಾಸಿನಲ್ಲಿ ಇದನ್ನು ಒಂದು ಪಾಠದಲ್ಲಿ ಹೇಳಿ ಮುಗಿಸುತ್ತೇನೆ. ಝುವಾರಿನಗರದಲ್ಲಿ ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಕಡೇ ಓಣಿ ಕೆಂಪುಕಲ್ಲಿನ ಗುಡ್ಡ ಕಡಿದ ಜಾಗದ ಬುಡದಲ್ಲಿತ್ತು. ಅಲ್ಲಿ ಮೊಬೈಲ್ ಸಿಗ್ನಲ್ ಅಂದರೆ ದೇವರು ಕೊಟ್ಟಾಗ. ತಗಡಿನ ಮನೆಯೊಳಗೆ ಹೊಕ್ಕರೆ ಅದೂ ಇಲ್ಲ. ಡಬ್ಬಿ ಇಡಲು ಯಾರ ಮನೆ ಕೇಳೋಣ ಎಂದು ನಾವು ನೋಡುತ್ತಿರುವಾಗ ಒಬ್ಬ ಗೌಂಡಿ, ಕೈಗೆ ಇನ್ನೂ ಸಿಮೆಂಟು ಮೆತ್ತಿಕೊಂಡೇ ಇದ್ದವನು, ಓಡುತ್ತ ಬಂದ. ಹೆಸರು ಫಕೀರಪ್ಪ, ರೋಣದ ಕಡೆಯವನು.

"ಅಕ್ಕಾರ, ನಮ್ಮ ಮನಿ ಮ್ಯಾಲೆ ಹಾಕ್ರಿ. ಕರೆಂಟ್ ನಾ ಕೊಡತೇನಿ, ಏಣಿನೂ ನಾನ ಹಿಡೀತೇನಿ. ನಮಗ ಇದು ಭಾಳ ಬೇಕಾಗೇತ್ರಿ."

"ಎಲ್ಲಾರಿಗೂ ಬೇಕಾಗೈತಪಾ. ನಿನಗೇನು ಅಷ್ಟು ಅವಸರ?" ಎಂದೆ. ಬಿಸಿಲಿನಲ್ಲಿ ಅಲೆದು ತಲೆ ಕಾದಿತ್ತು.

ಅವನು ಉತ್ತರ ಹೇಳದೆ ಬಾಗಿಲ ಪರದೆ ಸರಿಸಿದ. ಒಳಗೆ ಮಂಚದ ಮೇಲೆ ಅವನ ಹೆಂಡತಿ ಕಸ್ತೂರಿ ಗೋಡೆಗೆ ಒರಗಿ ಕೂತಿದ್ದಳು, ಐದಾರು ತಿಂಗಳ ಬಸುರಿ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. "ಇಕಿಗೆ ಕಿವಿ ಕೇಳಂಗಿಲ್ರಿ, ಮಾತು ಬರಂಗಿಲ್ಲ, ಹುಟ್ಟಿದಾಗಿಂದ ಹಿಂಗ" ಎಂದ ಫಕೀರಪ್ಪ. ಆಮೇಲೆ ಒಂದೊಂದಾಗಿ ಎಲ್ಲ ಹೇಳಿದ.

ಕಸ್ತೂರಿಗೆ ಊರಲ್ಲಿ ಒಬ್ಬ ಅಕ್ಕ, ಗಂಗವ್ವ. ಅವಳೂ ಹುಟ್ಟು ಕಿವುಡಿ. ಸಾಲಿಯ ಮುಖ ಇಬ್ಬರೂ ಕಂಡವರಲ್ಲ. ಸಣ್ಣಂದಿನಿಂದ ಇಬ್ಬರೇ ಕೂಡಿ ಕೈಯಿಂದ, ಕಣ್ಣಿಂದ, ಹುಬ್ಬಿನಿಂದ ಒಂದು ಭಾಷೆ ಮಾಡಿಕೊಂಡಿದ್ದರು. ಅವರ ತಾಯಿಗೆ ಅದರಲ್ಲಿ ಅರ್ಧ ತಿಳಿಯುತ್ತಿತ್ತಂತೆ, ಆಕೆ ತೀರಿಹೋಗಿದ್ದಳು. ಫಕೀರಪ್ಪನಿಗೆ ಮನೆ ನಡೆಯುವಷ್ಟು ಗೊತ್ತು. ಪೂರಾ ಮಾತು, ಮನಸ್ಸು ಬಿಚ್ಚಿ ಆಡುವ ಮಾತು, ಅಕ್ಕ ತಂಗಿಯ ನಡುವೆ ಮಾತ್ರ. ಈಗ ಗಂಗವ್ವನ ಹೊಟ್ಟೆಯಲ್ಲಿ ಗಡ್ಡೆಯಾಗಿ, ಹುಬ್ಬಳ್ಳಿಯ ಡಾಕ್ಟರು ಇನ್ನು ಮನೆಗೆ ಕರಕೊಂಡು ಹೋಗಿರಿ ಎಂದು ಕಳಿಸಿದ್ದರು. ಇತ್ತ ಕಸ್ತೂರಿಗೆ ನಡುವೆ ಒಮ್ಮೆ ರಕ್ತ ಹೋಗಿ, ಹೆರಿಗೆ ಆಗುವವರೆಗೆ ಮಂಚ ಬಿಟ್ಟು ಇಳಿಯಬಾರದು ಎಂದು ಇಲ್ಲಿಯ ಡಾಕ್ಟರು ಹೇಳಿದ್ದರು.

"ಬಸ್ ಹತ್ತಿದರ ಎರಡೂ ಜೀವಕ್ಕ ಧಕ್ಕಿ ಅಂದಾರ್ರಿ. ಸಿಗ್ನಲ್ ಸಿಗತೈತಿ ಅಂತ ಮ್ಯಾಲಿನ ರಸ್ತಾಕ್ಕ ಕರಕೊಂಡ ಹೋಗೂದೂ ಆಗವಲ್ದು. ಅಕ್ಕನ್ನ ನೋಡಬೇಕಂತ ಮಾರಿ ಗ್ವಾಡಿಗಿ ಹಚ್ಚಿ ಅಳತಾಳ್ರಿ. ಫೋನ್ ಮಾಡಿ ಕಿವಿಗಿ ಹಚ್ಚಿದರ ಆಕಿಗೇನು ಉಪಯೋಗ? ಚಿತ್ರಾನ ಬೇಕ್ರಿ ಆಕಿಗೆ."

ಸಾವಿಯೋನಿಗೆ ಏಣಿ ತರಲು ಹೇಳಿದೆ. ಡಬ್ಬಿ ಆ ಮನೆಯ ಮೇಲೇ ಏರಿತು.

ಜೂನಿನಲ್ಲಿ ಮಿರಗದ ಮಳೆ ಕೂಡುವ ಹೊತ್ತಿಗೆ ನಮ್ಮ ಕೆಲಸ ಮುಗಿದಿತ್ತು. ಯಾವ ಓಣಿಗೆ ಯಾವ ಚಾನೆಲ್ ಎಂದು ಕೂತು ಲೆಕ್ಕ ಹಾಕಿ, ನೋಡಿದವರಿಗೆ ಗೊತ್ತಾಗಲಿ ಅಂತ ಪ್ರತಿ ಡಬ್ಬಿಗೂ ಅದರ ಚಾನೆಲ್ ನಂಬರಿನ ಚೀಟಿ ಅಂಟಿಸಿದ್ದೆ. ಮೂವತ್ತಾರು, ನಲವತ್ನಾಲ್ಕು, ನೂರಾ ನಲವತ್ತೊಂಬತ್ತು, ಹೀಗೆ. ಮೊದಲ ಸಲ ಕಸ್ತೂರಿಯ ಫೋನಿನಲ್ಲಿ ಗಂಗವ್ವನ ಮುಖ ಬಂದಾಗ ನಾನು ಅಲ್ಲೇ ಇದ್ದೆ. ಊರಲ್ಲಿ ಗಂಗವ್ವನ ಮಗಳು ನೀಲಾ ಫೋನು ಹಿಡಿದಿದ್ದಳು. ಆ ಹುಡುಗಿಗೆ ಕಿವಿ, ಬಾಯಿ ಎರಡೂ ಚಲೋ ಇದ್ದವು, ಅವ್ವನ ಸನ್ನೆ ಮಾತ್ರ ಅವಳಿಗೂ ಮನೆ ನಡೆಯುವಷ್ಟೇ ಬರುತ್ತಿತ್ತು. ಇಬ್ಬರು ಅಕ್ಕತಂಗಿಯರ ಕೈಗಳು ಎಷ್ಟು ಜೋರಾಗಿ ಓಡಿದವೆಂದರೆ ನೋಡುವ ನನಗೇ ದಣಿವಾಯಿತು. ಕಸ್ತೂರಿ ಗಲ್ಲ ಉಬ್ಬಿಸುತ್ತಾಳೆ, ಹುಬ್ಬು ಕುಣಿಸುತ್ತಾಳೆ, ಹಣೆ ಬಡಿದುಕೊಳ್ಳುತ್ತಾಳೆ. ಆ ಕಡೆ ಗಂಗವ್ವ, ಮೈಯಲ್ಲಿ ಎಲುಬಷ್ಟೇ ಉಳಿದವಳು, ನಗುತ್ತಾಳೆ.

"ಏನಂತ ಹೇಳಾಕತ್ತಾರಪಾ?" ಎಂದು ಫಕೀರಪ್ಪನನ್ನು ಕೇಳಿದೆ.

"ನನಗೂ ತಿಳಿಯಾಂಗಿಲ್ರಿ. ಆದರ ಇಬ್ಬರೂ ನಡುನಡುವ ನನ್ನ ಕಡೆ ನೋಡಿ ನಗಾಕತ್ತಾರ. ನನ್ನ ಮಾನ ಹೋಗಾಕತ್ತೇತಿ, ಅಷ್ಟಂತೂ ಖರೇ."

ಅಯ್ಯ, ಆ ದಿನ ನನಗಾದ ಖುಷಿ ನನ್ನ ಯಾವ ಸಂಶೋಧನೆಯ ಪೇಪರು ಅಚ್ಚಾದಾಗಲೂ ಆಗಿರಲಿಲ್ಲ.

ಆಮೇಲೆ ಪರೀಕ್ಷೆಯ ಪೇಪರು ತಿದ್ದುವ ಕೆಲಸ ಬಂದು ಕೆಲವು ದಿನ ಆ ಕಡೆ ಹೋಗಲಿಲ್ಲ. ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಕಟ್ಟಡದ ಕೆಲಸ ನಿಂತು ಗಂಡಸರೆಲ್ಲ ಮನೆ ಹಿಡಿದಿದ್ದರು. ನೆಟ್ಟು ಹೇಗಿದೆ ಎಂದು ಫೋನಿನಲ್ಲಿ ಯಾರನ್ನು ಕೇಳಿದರೂ "ಐತ್ರಿ, ನಡದೈತಿ" ಎನ್ನುತ್ತಿದ್ದರು. ಪೇಪರು ಮುಗಿಸಿ ಒಂದು ಮಧ್ಯಾಹ್ನ ಛತ್ರಿ ಹಿಡಿದು ಕಡೇ ಓಣಿಗೆ ಇಳಿದೆ. ಕಸ್ತೂರಿ ನನ್ನನ್ನು ಕಂಡವಳೇ ರಟ್ಟೆ ಹಿಡಿದು ಎಳೆದು ಮಂಚದ ಮೇಲೆ ಕೂರಿಸಿ ಫೋನು ತೋರಿಸಿದಳು. ಗಂಗವ್ವನ ಚಿತ್ರ ನಿಂತುಬಿಟ್ಟಿತ್ತು. ಒಂದು ಕೈ ಅರ್ಧ ಮೇಲೆದ್ದಿದೆ, ಏನೋ ಹೇಳಲು ಹೊರಟಿದ್ದಾಳೆ, ಅಲ್ಲಿಗೇ ಕಲ್ಲು. ಬಹಳ ಹೊತ್ತಾದ ಮೇಲೆ ಚಿತ್ರ ಸರಿದಾಗ ಆ ಕೈ ಕೆಳಗಿಳಿದು ಹಾಸಿಗೆಯ ಮೇಲಿತ್ತು. ಹೇಳಿದ್ದು ಹೋಯಿತು. ಕಸ್ತೂರಿ ನನ್ನ ಭುಜಕ್ಕೆ ಮುಷ್ಟಿಯಿಂದ ಗುದ್ದಿದಳು, ಆಮೇಲೆ ಅದೇ ಭುಜಕ್ಕೆ ಹಣೆ ಇಟ್ಟು ಅತ್ತಳು.

ಬೇರೆ ಯಾರೂ ದೂರು ಹೇಳಿರಲಿಲ್ಲ ಯಾಕೆಂದು ಆಗ ತಿಳಿಯಿತು. ಉಳಿದವರಿಗೆ ಚಿತ್ರ ನಿಂತರೂ ದನಿ ಹೇಗೋ ಬರುತ್ತದೆ. ಹಲೋ ಹಲೋ ಎಂದು ಎರಡು ಸಲ ಕೂಗಿ ಮಾತು ಮುಗಿಸುತ್ತಾರೆ. ಅಷ್ಟೂ ಓಣಿಗಳಲ್ಲಿ ಚಿತ್ರವೇ ಮಾತಾಗಿದ್ದದ್ದು ಇವಳೊಬ್ಬಳಿಗೆ, ಮತ್ತು ಇವಳಿದ್ದದ್ದು ಎಲ್ಲರಿಗಿಂತ ಕಡೆಗೆ.

ಲ್ಯಾಪ್‌ಟಾಪ್ ತೆರೆದು ನೋಡಿದರೆ, ಮೇಲಿನ ಹಾಲ್‌ನಿಂದ ಹಿಡಿದು ಕಡೇ ಓಣಿಯವರೆಗೆ ಎಲ್ಲ ಡಬ್ಬಿಗಳೂ ನೂರಾ ನಲವತ್ತೊಂಬತ್ತನೇ ಚಾನೆಲ್‌ನಲ್ಲಿವೆ! ಸಾವಿಯೋನನ್ನು ಹಿಡಿದು ಕೇಳಿದೆ. "ಹಾಂವ್ ಕಿತೆಂ ಕರುಂ, ಮ್ಯಾಡಮ್?" ನಾನೇನು ಮಾಡಲಿ ಎಂದು ಅವನು ಕೈ ಚೆಲ್ಲಿದ. ನಡುವಿನ ಓಣಿಯವರು ಚೀಟಿ ಓದಿ ಗಲಾಟೆ ಎಬ್ಬಿಸಿದ್ದರಂತೆ. ಅವರಿಗೆ ನೂರಾ ನಲವತ್ತೊಂಬತ್ತು, ನಮಗೆ ಬರೇ ಮೂವತ್ತಾರು ಯಾಕೆ ಎಂದು. ದೊಡ್ಡ ನಂಬರು ಅಂದರೆ ದೊಡ್ಡ ವೇಗ ಎಂದು ಅವರು ತಿಳಿದಿದ್ದರು. ಸಾವಿಯೋ ಚಾವಣಿಯ ಮೇಲಿದ್ದಾಗ ಏಣಿ ತೆಗೆದಿಟ್ಟು, ಎಲ್ಲರಿಗೂ ಸಮ ಮಾಡಿದರೆ ಮಾತ್ರ ಇಳಿಸುತ್ತೇವೆ ಎಂದರಂತೆ. ಮಳೆಯಲ್ಲಿ ನೆನೆಯುತ್ತ ಕೂತವನು ಅಲ್ಲಿಂದಲೇ ಫೋನಿನಲ್ಲಿ ಎಲ್ಲರಿಗೂ ಸಮ ಮಾಡಿ ಇಳಿದುಬಂದಿದ್ದ.

ನಾನು ಕಾಲೇಜಿನಿಂದಲೇ ಎಲ್ಲವನ್ನೂ ಮೊದಲಿನ ಹಾಗೆ ತಿರುಗಿಸಿದೆ. ಮರುದಿನ ನೋಡಿದರೆ ಅರ್ಧ ಡಬ್ಬಿಗಳು ಸತ್ತುಬಿದ್ದಿದ್ದವು. ಕರೆಂಟು ಅವರವರ ಮನೆಯದು ತಾನೇ, ಪ್ಲಗ್ಗು ಕಿತ್ತಿದ್ದರು. ನಡುವಿನ ಒಂದು ಡಬ್ಬಿ ಆರಿದರೂ ಅದರ ಕೆಳಗಿನವರಿಗೆ ಕತ್ತಲೆ.

ಸಿಟ್ಟು ನೆತ್ತಿಗೇರಿ ಸಂಜೆಯೇ ಹೋದೆ. ಓಣಿಗಳ ಹಿರಿಯ ದುರಗಪ್ಪ ಕಾಕಾ ನಳದ ಕಟ್ಟೆಯ ಮೇಲೆ ಕೂತಿದ್ದರು. ಇಳಕಲ್ಲಿನ ಕಡೆಯವರು, ಹಡಗುಕಟ್ಟೆಯಲ್ಲಿ ಹಮಾಲಿ ಮಾಡಿ ಬೆನ್ನು ಬಾಗಿದವರು. ಅವರ ಮಾತು ಅಲ್ಲಿ ಯಾರೂ ಮೀರುತ್ತಿರಲಿಲ್ಲ. ಸುತ್ತ ಹತ್ತಾರು ಮಂದಿ ಕೊಡ ಹಿಡಿದು ನಿಂತಿದ್ದರು.

"ಏನ್ ಕಾಕಾ, ಮಾಡಿದ್ದು ಕೆಡಸಾಕ ನಿಮಗ ಯಾರು ಹೇಳಿದ್ರು?" ಎಂದು ಶುರುವಿಗೇ ಹಾರಿಬಿದ್ದೆ.

ಕಾಕಾ ಎದ್ದು ನಿಲ್ಲಲೂ ಇಲ್ಲ. "ಕೂಡ್ರಿ ಅಕ್ಕಾರ. ನಾವೇನ್ ಹೆಚ್ಚು ಕೇಳಿಲ್ರಿ. ರೇಷನ್‌ನಾಗ ನಮ್ಮ ಮಂದೀನ ಕಡೀಕ, ಲೈಟಿನಾಗ ನಾವ ಕಡೀಕ, ದವಾಖಾನಿ ಸಾಲಿನಾಗೂ ನಾವ ಕಡೀಕ. ನಮ್ಮ ನಮ್ಮೊಳಗರ ಹೆಚ್ಚು ಕಮ್ಮಿ ಬ್ಯಾಡ ಅಂತ ಅಂದೇವಿ. ಒಬ್ಬರಿಗೆ ಮೂವತ್ತಾರು, ಒಬ್ಬರಿಗೆ ನೂರಾ ನಲವತ್ತೊಂಬತ್ತು, ಅದೆಂಥಾ ನ್ಯಾಯಾರಿ? ಕೊಟ್ರ ಎಲ್ಲಾರಿಗೂ ಸಮಾ ಕೊಡ್ರಿ. ಇಲ್ಲಂದ್ರ ನಮಗ ಬ್ಯಾಡ."

ಸುತ್ತ ನಿಂತವರು ಹೌದು ಹೌದು ಎಂದರು. ಆ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ನಂಬರು ಬರೇ ಹೆಸರು ಇದ್ದ ಹಾಗೆ, ದೊಡ್ಡದಕ್ಕೂ ವೇಗಕ್ಕೂ ಸಂಬಂಧ ಇಲ್ಲ ಎಂದೆ. ನಂಬಲಿಲ್ಲ. ಹಂಗಾದರ ನಮಗ ದೊಡ್ಡದು ಕೊಡಾಕ ನಿಮಗೇನು ತ್ರಾಸು ಎಂದ ಹಿಂದಿನಿಂದ ಒಬ್ಬ.

ಆಗ ನಳಕ್ಕೆ ನೀರು ಬಂತು. ಒಂದು ಓಣಿಯ ಹೆಂಗಸರು ಮುಂದೆ ಬಂದರು. ಅವರ ಪಕ್ಕದ ಓಣಿಯವರು ಸರಿದು ನಿಂತರು. ದಿನಾ ನೋಡುತ್ತಿದ್ದದ್ದೇ. ಒಂದೇ ಪೈಪಿನ ಮೇಲಿರುವ ಅಕ್ಕಪಕ್ಕದ ಓಣಿಯವರು ಕೂಡಿ ನಳ ಬಿಡುವಂತಿಲ್ಲ, ಬಿಟ್ಟರೆ ಇಬ್ಬರಿಗೂ ಹನಿ ಹನಿ. ಬೇರೆ ಪೈಪಿನ ದೂರದ ಓಣಿಯವರು ಮಾತ್ರ ಅದೇ ಹೊತ್ತಿಗೆ ತುಂಬಿಕೊಳ್ಳಬಹುದು. ಈ ಪಾಳಿ ಹಾಕಿಕೊಟ್ಟವರು ಕಾಕಾನೇ.

"ಕಾಕಾ, ಒಂದು ಮಾತು. ಈ ಎರಡೂ ಓಣಿಯವರು ಕೂಡೇ ನಳಾ ಬಿಟ್ರ ಏನಾಕ್ಕೈತಿ?"

"ಏನಾಕ್ಕೈತಿ? ಇಬ್ಬರ ಕೊಡಾನೂ ತುಂಬಂಗಿಲ್ಲ. ಹೊಡದಾಟ ಆಕ್ಕೈತಿ."

"ಮತ್ತ ಎಲ್ಲಾರಿಗೂ ಸಮಾ ಇರ್ಲಿ ಅಂತ ಎಲ್ಲಾರಿಗೂ ಒಂದ ಹೊತ್ತಿಗೆ ಬಿಡ್ರಲಾ! ಅವರಿಗೆ ಮುಂಜಾನೆ, ಇವರಿಗೆ ಸಂಜಿ, ಅದೆಂಥಾ ನ್ಯಾಯ?"

ಕೊಡ ಹಿಡಿದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಕಾಕಾ ನನ್ನನ್ನು ದಿಟ್ಟಿಸಿ ನೋಡಿದರು. ಚಾನೆಲ್ ಅಂದರೆ ಪಾಳಿ ಕಾಕಾ, ಎಂದೆ. ನೀವು ಹೊತ್ತು ಬೇರೆ ಮಾಡಿದಿರಿ, ನಾನು ದಾರಿ ಬೇರೆ ಮಾಡಿದೆ. ಅಕ್ಕಪಕ್ಕದವರಿಗೆ ಒಂದೇ ಕೊಟ್ಟರೆ ಇಬ್ಬರೂ ಕೆಡುತ್ತಾರೆ, ದೂರದವರಿಗೆ ಕೊಟ್ಟರೆ ಯಾರಿಗೂ ತ್ರಾಸಿಲ್ಲ. ಈಗ ಎಲ್ಲರೂ ಒಂದರಲ್ಲೇ ಇದ್ದೀರಿ, ಎಲ್ಲರದೂ ಹನಿ ಹನಿ ಆಗಿ ಕಡೇ ಓಣಿಗೆ ಏನೂ ಮುಟ್ಟುತ್ತಿಲ್ಲ.

ಫಕೀರಪ್ಪ ಅಷ್ಟೊತ್ತಿನವರೆಗೆ ಹಿಂದೆ ನಿಂತಿದ್ದ. ಮಂದಿಯ ನಡುವೆ ಮಾತಾಡುವ ಗಂಡಸಲ್ಲ ಅವನು. ಮುಂದೆ ಬಂದು ಕಾಕಾನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಕಾಕಾ, ನಮ್ಮಾಕಿ ಅಕ್ಕ ಭಾಳ ದಿನ ಉಳಿಯಾಂಗಿಲ್ಲ. ಅವ್ರಿಬ್ರದು ಕೈಯಾಗಿನ ಮಾತು. ಚಿತ್ರ ನಿಂತರ ಮಾತ ನಿಂತಂಗ. ಆಕಿ ಸತ್ತರ ಇಕಿ ಜೋಡಿ ಪೂರಾ ಮಾತಾಡಾಕ ಲೋಕದಾಗ ಇನ್ನೊಬ್ಬರಿಲ್ಲ. ನಾನೂ ಇಲ್ಲ."

"ಮದಲ ಹೇಳಬಾರದೇನಲೇ ಹುಚ್ಚಾ" ಎಂದರು ಕಾಕಾ. ಅವತ್ತೇ ಪ್ಲಗ್ಗುಗಳು ಮರಳಿ ಸಿಕ್ಕಿದವು. ನಂಬರಿನ ಚೀಟಿ ಕಿತ್ತು ಒಂದೊಂದು ಚಾನೆಲ್‌ಗೆ ಒಂದೊಂದು ಹೊಳೆಯ ಹೆಸರು ಬರೆದು ಅಂಟಿಸಿದೆ. ಮಲಪ್ರಭಾ, ಘಟಪ್ರಭಾ, ಕೃಷ್ಣಾ, ತುಂಗಭದ್ರಾ. ಹೊಳೆಗೆ ಯಾರೂ ಜಗಳ ತೆಗೆಯಲಾರರು ಎಂದುಕೊಂಡಿದ್ದೆ. ನಮಗೆ ಮಲಪ್ರಭಾ ಸಣ್ಣದಾಯಿತು, ಕೃಷ್ಣಾ ಕೊಡಿರಿ ಎಂದು ಇಬ್ಬರು ಬಂದೇ ಬಂದರು. ಕಾಕಾನೇ ಅವರನ್ನು ಬೈದು ಓಡಿಸಿದರು.

ಇಷ್ಟಾದರೂ ಕಡೇ ಓಣಿಯ ಕಷ್ಟ ಪೂರ್ತಿ ಮುಗಿಯಲಿಲ್ಲ. ಚೊಕ್ಕ ಚಾನೆಲ್‌ಗಳು ಇರುವುದೇ ಬೆರಳೆಣಿಕೆ. ಇಳಿಜಾರಿನ ಜಾಗ ಆದ್ದರಿಂದ ಮೇಲಿನ ಹಾಲ್‌ನ ದನಿಯೂ ಎಲ್ಲರ ತಲೆ ದಾಟಿ ನೇರ ಕೆಳಗೆ ಬಂದು ಬೀಳುತ್ತಿತ್ತು, ಹಾಗಾಗಿ ಅದರ ಚಾನೆಲ್ಲನ್ನು ಮತ್ತೆ ಬಳಸುವಂತಿರಲಿಲ್ಲ. ಕಡೇ ಓಣಿಗೆ ಉಳಿದದ್ದು ಒಂದೇ, ರಾಡಾರ್ ಇರುವ ಚಾನೆಲ್; ಮೊದಲ ದಿನ ಪುಣ್ಯಕ್ಕೆ ಅದು ಅಡ್ಡ ಬಂದಿರಲಿಲ್ಲ, ಅಷ್ಟೇ. ವಿಮಾನ ನಿಲ್ದಾಣ ಅಲ್ಲೇ ಆಚೆಗೆ. ಕೆಲವು ಚಾನೆಲ್‌ಗಳ ಮೇಲೆ ರಾಡಾರ್‌ನದೇ ಮೊದಲ ಹಕ್ಕು. ಅದರ ದನಿ ಕೇಳಿದ ಕೂಡಲೇ ನಮ್ಮ ಡಬ್ಬಿ ಜಾಗ ಬಿಟ್ಟು ಏಳಬೇಕು, ಹೋದಲ್ಲಿಯೂ ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತ ಕೂತು ಆಮೇಲೆ ಬಾಯಿ ಬಿಡಬೇಕು. ಕಾನೂನು ಅದು, ಸರಿಯಾದದ್ದೇ. ಆದರೆ ಕಸ್ತೂರಿ ಏನೋ ಕೇಳಿ ಅಕ್ಕನ ಉತ್ತರಕ್ಕೆ ಕಣ್ಣು ಅಗಲಿಸಿ ಕಾಯುವಾಗಲೇ ಚಿತ್ರ ಆರಿಹೋಗುತ್ತಿತ್ತು. ಮತ್ತೆ ಬರುವ ಹೊತ್ತಿಗೆ ಗಂಗವ್ವ ದಣಿದು ಕಣ್ಣು ಮುಚ್ಚಿರುತ್ತಿದ್ದಳು. ಆಗ ಅವಳಿಗೆ ದಿನಕ್ಕೆ ಒಂದಿಷ್ಟು ಹೊತ್ತು ಮಾತ್ರ ಎಚ್ಚರ ಇರುತ್ತಿತ್ತು.

ಒಂದೇ ದಾರಿ ಉಳಿದಿತ್ತು. ಕಾಕಾನ ಓಣಿ ನಡುವಿನಿಂದ ಪಕ್ಕಕ್ಕೆ ಒಡೆದದ್ದು, ಅದರ ಹಿಂದೆ ಯಾರೂ ಇಲ್ಲ. ಅದಕ್ಕೊಂದು ಚೊಕ್ಕ ಚಾನೆಲ್ ಕೊಟ್ಟಿದ್ದೆ. ಅದನ್ನು ಕಿತ್ತು ಕಡೇ ಓಣಿಗೆ ಕೊಟ್ಟರೆ ಕಸ್ತೂರಿಯ ಚಿತ್ರ ನಿಲ್ಲುವುದಿಲ್ಲ. ಆದರೆ ಕಾಕಾನ ಓಣಿ, ಊರಿನವರ ಫೋನು, ಬ್ಲೂಟೂತು ಎಲ್ಲ ಸೇರಿ ಸಂತೆಯಾಗಿರುವ ಹಳೇ ಚಾನೆಲ್‌ಗೆ ಹೋಗಬೇಕು. ಕಾಕಾ ದಿನಾ ಸಂಜೆ ಇಳಕಲ್ಲಿನಲ್ಲಿರುವ ಮೊಮ್ಮಗಳನ್ನು ಫೋನಿನಲ್ಲಿ ನೋಡುತ್ತ ಕೂಡುವುದನ್ನು ಕಂಡಿದ್ದೆ. ಆಗಿನ್ನೂ ಅಂಬೆಗಾಲಿಡುವ ಕೂಸು. ಸಮ ಸಮ ಎಂದು ಹಟ ಹಿಡಿದ ಮನುಷ್ಯನಿಗೆ ನಿಮ್ಮದನ್ನು ಬಿಟ್ಟುಕೊಡಿ ಎಂದು ಹೇಗೆ ಹೇಳಲಿ? ಜೀವನದಲ್ಲಿ ಮೊದಲ ಸಲ ಮಾತು ಹುಡುಕುತ್ತ ಅವರ ಬಾಗಿಲಿಗೆ ಹೋದೆ. ಹೇಳಿದ್ದನ್ನೆಲ್ಲ ಕೇಳಿ ಕಾಕಾ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

"ನಮ್ಮ ಪಾಳಿ ಆಕಿಗೆ ಕೊಟ್ಟಬಿಡ್ರಿ ಅಕ್ಕಾರ."

"ನಿಮ್ಮ ಮೊಮ್ಮಗಳ ಚಿತ್ರ ನಿಂತು ನಿಂತು ಬರತೈತಿ ಕಾಕಾ."

"ಬರವಲ್ದ್ಯಾಕ. ಚಿತ್ರ ನಿಂತರೂ ಕೂಸು ನಗೂದು ನನಗ ಕೇಳತೈತಲ್ಲ. ಕಸ್ತೂರಿಗೆ ಅದೂ ಇಲ್ಲ."

ಓಣಿಯವರನ್ನು ಒಪ್ಪಿಸುವುದು ತಮ್ಮ ಪಾಲಿಗಿರಲಿ ಎಂದರು. ಒಬ್ಬಿಬ್ಬರು ಗೊಣಗಿದರಂತೆ, ಕಾಕಾ ಏನು ಹೇಳಿ ಸುಮ್ಮನಾಗಿಸಿದರೋ ನನಗೆ ತಿಳಿಯದು. ಆ ಮಧ್ಯಾಹ್ನವೇ ಸಾವಿಯೋ ಮಳೆಯಲ್ಲೇ ಏಣಿ ಹತ್ತಿ ಕಡೇ ಓಣಿಯ ಡಬ್ಬಿಯ ಮುಖ ಸರಿಮಾಡಿದ. ಏಣಿ ಹಿಡಿದವರು ಕಾಕಾ.

ಅಲ್ಲಿಂದ ಮುಂದೆ ಚಿತ್ರ ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಗಂಗವ್ವನಿಗೆ ಎಚ್ಚರ ಇರುವ ಹೊತ್ತಿಗೆ ಅಕ್ಕತಂಗಿ ಕೂತು ಮಾತಾಡಿದರು. ಏನೇನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಎಷ್ಟೋ ವರ್ಷಗಳ ಬಾಲ್ಯ, ಬೈಗುಳ, ಗುಟ್ಟು, ನಗೆ ಎಲ್ಲ ಆ ತಗಡಿನ ಮನೆಯ ಸಣ್ಣ ಫೋನಿನಲ್ಲಿ ಹಾದುಹೋಯಿತು. ಗಂಗವ್ವ ಪಂಚಮಿ ಹಬ್ಬ ನೋಡಲಿಲ್ಲ. ಹೆಣ್ಣುಮಕ್ಕಳು ತವರಿಗೆ ಹೋಗುವ ಹೊತ್ತಿಗೆ ಅವಳು ಹೊರಟುಹೋಗಿದ್ದಳು. ಕಸ್ತೂರಿಗೆ ಗಣಪತಿ ಹಬ್ಬ ಕಳೆದ ಮೇಲೆ ಸುಸೂತ್ರ ಹೆರಿಗೆಯಾಯಿತು, ಹೆಣ್ಣು ಕೂಸು. ಗಂಗಾ ಎಂದೇ ಹೆಸರಿಟ್ಟರು.

ಅಕ್ಕತಂಗಿಯರ ಕಡೆಯ ಮಾತುಕತೆಯ ದಿನ ನಾನು ಆ ಮನೆಯಲ್ಲಿದ್ದೆ. ಡಬ್ಬಿ ಹೇಗಿದೆ ನೋಡಲೆಂದು ಹೋದವಳು ಬಾಗಿಲಲ್ಲೇ ನಿಂತೆ. ಕಸ್ತೂರಿ ಹಿಂದಿನ ದಿನದಿಂದ ಒಂದು ತುತ್ತೂ ಮುಟ್ಟಿಲ್ಲ ಎಂದು ಫಕೀರಪ್ಪ ಪಿಸುಗುಟ್ಟಿದ. ಮಾಡಿಟ್ಟ ರೊಟ್ಟಿ, ಪಲ್ಯ ಹಾಗೇ ಮುಚ್ಚಿತ್ತು. ಫೋನಿನಲ್ಲಿ ಗಂಗವ್ವ ಮಲಗಿದ್ದಳು. ಒಂದು ಕೈಗೆ ಸಲಾಯಿನ್ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು, ಅದು ಹಾಸಿಗೆಯ ಮೇಲೆ ಬಿದ್ದುಕೊಂಡಿತ್ತು. ಬಹಳ ಹೊತ್ತು ತಂಗಿಯ ಮುಖವನ್ನೇ ನೋಡಿದಳು. ಆಮೇಲೆ ಇನ್ನೊಂದು ಕೈ ನಿಧಾನಕ್ಕೆ ಎತ್ತಿ ಅಂಗೈ ಬಿಚ್ಚಿ ನಮ್ಮ ಕಡೆ ಹಿಡಿದಳು. ನಾನು ಫಕೀರಪ್ಪನ ಕಡೆ ನೋಡಿದೆ.

"ಊಟ ಆತೇನು ಅಂತ ಕೇಳಾಕತ್ತಾಳ್ರಿ" ಎಂದ ಅವನು, ದನಿ ಒಡೆದು. "ರೊಟ್ಟಿ ಬಡದು ತೋರಸ್ತಾರ್ರಿ ಅವರು. ಅದಕ್ಕ ಎರಡೂ ಕೈ ಬೇಕು. ಆಕಿಗೆ ಒಂದ ಎತ್ತಾಕ ಬರತೈತಿ."

ಕಸ್ತೂರಿ ತನ್ನ ಕೈ ಎತ್ತಿದಳು. ಫೋನಿನಲ್ಲಿದ್ದ ಅಕ್ಕನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟು, ರೊಟ್ಟಿ ಬಡಿಯುವ ಹಾಗೆ ಮೆಲ್ಲಗೆ ಬಡಿದಳು. ಒಂದು ಸಲ ಬಡಿದಾಗ ಆ ಕಡೆಯ ಅಂಗೈ ಒಂದಿಷ್ಟು ತಿರುಗಿತು, ಬಡಿಯುವಾಗ ರೊಟ್ಟಿಯನ್ನು ತಿರುಗಿಸುತ್ತೇವಲ್ಲ, ಹಾಗೆ. ಇವಳು ಮತ್ತೆ ಬಡಿದಳು, ಅವಳು ಮತ್ತೆ ತಿರುಗಿಸಿದಳು. ಬಡಿತಕ್ಕೂ ತಿರುಗುವುದಕ್ಕೂ ನಡುವೆ ತಡ ಅನ್ನುವುದೇ ಇರಲಿಲ್ಲ. ಕೇಳುತ್ತಿದ್ದವಳು ಅಕ್ಕ, ಆದರೆ ಆ ಪ್ರಶ್ನೆಯನ್ನು ಇಬ್ಬರೂ ಕೂಡಿ ಕೇಳಿ ಮುಗಿಸಿದರು.

ಕಸ್ತೂರಿ ಕಣ್ಣೀರು ಒರೆಸಿಕೊಂಡು, ಹೌದು, ಉಂಡೆ ಎಂದು ತಲೆ ಅಲ್ಲಾಡಿಸಿದಳು. ಗಂಗವ್ವ ಸಮಾಧಾನದಿಂದ ಕೈ ಇಳಿಸಿ ಕಣ್ಣು ಮುಚ್ಚಿದಳು. ನೀಲಾ ಫೋನು ಇಟ್ಟಳು. ಕಸ್ತೂರಿ ಫೋನು ಕೆಳಗಿಟ್ಟು, ತಾಟು ತಾ ಎಂದು ಗಂಡನಿಗೆ ಸನ್ನೆ ಮಾಡಿದಳು. ಫಕೀರಪ್ಪ ತಂದಿಟ್ಟ. ಅಕ್ಕನಿಗೆ ಹೇಳಿದ್ದು ಸುಳ್ಳಾಗಬಾರದೆಂದು ಅವಳು ಅಳುತ್ತ ಅಳುತ್ತಲೇ ಒಂದು ತುಣುಕೂ ಬಿಡದೆ ಉಂಡಳು.